ಯಾವಾಗಿನಿಂದ ಹೀಗೆ?

ಕನಕಪುರದಿಂದ ದಕ್ಷಿಣಕ್ಕೆ, ಸಂಗಮ ಮತ್ತು ಮೇಕೆದಾಟಿನ ಕಡೆಗಿನ ಹೋಬಳಿ ಉಯ್ಯಂಬಳ್ಳಿ. ಅರ್ಕಾವತಿ ಕಾವೇರಿಯನ್ನು ಕೂಡುವ ಈ ಸೀಮೆಯ ಹಳ್ಳಿಗಳಿಗೆ ಕಾವೇರಿ ವನ್ಯಧಾಮದ ಕಾಡೇ ಹಿತ್ತಿಲು. ರಾಗಿ, ಹುರುಳಿ, ಹಿಪ್ಪುನೇರಳೆ, ರೇಷ್ಮೆ ಹುಳು, ಒಂದೆರಡು ಸೀಮೆಹಸು ಇವುಗಳ ಮೇಲೆ ಸಂಸಾರ ನಡೆಯುತ್ತದೆ. ಓದಿದ ಮಕ್ಕಳು ಬಿಡದಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ. ಇಂಥ ಊರುಗಳಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರುವುದಿಲ್ಲ. ಯಾರ ತಾತ ಮುಂಗೋಪಿ, ಯಾರ ಮಗಳು ಚಿಕ್ಕಂದಿನಿಂದಲೂ ಮಾತು ಕಡಿಮೆ, ಯಾರು ತಾಯಿ ಸತ್ತ ವರ್ಷದಿಂದ ಬೇರೆಯವರೇ ಆಗಿಬಿಟ್ಟರು ಎಂಬುದೆಲ್ಲ ಊರಿಗೆ ನೆನಪಿರುತ್ತದೆ.

ಆ ನೆನಪಿಗೆ ವೈದ್ಯಕೀಯ ಬೆಲೆ ಇದೆ ಎಂದು ಹೇಳುವುದಕ್ಕಾಗಿಯೇ ಈ ಅಧ್ಯಾಯ. ಊರಿನ ಜಗಲಿಗಳಲ್ಲಿ ದಿನವೂ ಕೇಳುವ ಒಂದು ಮಾತಿದೆ: “ಅವನ ಗುಣಾನೇ ಹಂಗೆ, ಬಿಡಿ.” ಕೆಲವರ ವಿಷಯದಲ್ಲಿ ಅದು ನಿಜ. ಇನ್ನು ಕೆಲವರನ್ನು ವರ್ಷಗಟ್ಟಲೆ ಚಿಕಿತ್ಸೆಯಿಂದ ದೂರ ಇಟ್ಟದ್ದೂ ಅದೇ ಮಾತು. ಗುಣ ಯಾವುದು, ಕಾಯಿಲೆ ಯಾವುದು ಎಂದು ಬೇರ್ಪಡಿಸಲು ಮನೋವೈದ್ಯರು ಕೇಳುವ ಮೊದಲ ಪ್ರಶ್ನೆ ತೀರ ಸರಳ: ಮೊದಲಿನಿಂದಲೂ ಹೀಗೆಯೋ, ಇತ್ತೀಚೆಗೆ ಹೀಗಾದದ್ದೋ? ರೋಗಿಯ ಎದುರು ಹತ್ತು ನಿಮಿಷ ಕೂರುವ ವೈದ್ಯರಿಗೆ ಇದರ ಉತ್ತರ ಗೊತ್ತಿರುವುದಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಗೊತ್ತಿರುತ್ತದೆ.

ಖಿನ್ನತೆಯನ್ನು ಗುರುತಿಸುವ ಅವಧಿ ಎರಡು ವಾರ. ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಇರಬೇಕು. ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಡುವುದು, ಸುಸ್ತು, ತಾನು ಯಾವುದಕ್ಕೂ ಬಾರದವನು ಎಂಬ ಭಾವ, ಸಾವಿನ ಯೋಚನೆ ಮುಂತಾದವು ಸೇರಿ, ಒಟ್ಟು ಒಂಬತ್ತು ಲಕ್ಷಣಗಳಲ್ಲಿ ಐದು ಎರಡು ವಾರ ಬಿಡದೆ ಇದ್ದರೆ ಅದು ಬೇಸರವಲ್ಲ, ಕಾಯಿಲೆ. 2001ರಲ್ಲಿ ಪ್ರಕಟವಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಈ ಒಂಬತ್ತನ್ನೇ ಕೇಳುತ್ತದೆ.

ವ್ಯಕ್ತಿತ್ವದ ದೋಷದ ಲೆಕ್ಕ ಬೇರೆ. ತನ್ನನ್ನು ತಾನು ನೋಡಿಕೊಳ್ಳುವ ರೀತಿ, ಇತರರೊಡನೆ ಬಾಳುವ ರೀತಿ ಇವುಗಳಲ್ಲಿ ಒಂದಾದರೂ ದೀರ್ಘಕಾಲ, ಕನಿಷ್ಠ ಎರಡು ವರ್ಷವಾದರೂ, ಮನೆ, ಕೆಲಸ, ಸ್ನೇಹ ಎಲ್ಲ ಕಡೆಯೂ ಕೆಟ್ಟಿದ್ದು ಅದರಿಂದ ಆತನಿಗೋ ಸುತ್ತಲಿನವರಿಗೋ ನೋವಾಗುತ್ತಿದ್ದರೆ ಮಾತ್ರ ಆ ಹೆಸರು ಹಚ್ಚಬಹುದು. ಸಾಮಾನ್ಯವಾಗಿ ಅದರ ಬೇರು ಹದಿಹರೆಯದಲ್ಲೋ ಯೌವನದ ಆರಂಭದಲ್ಲೋ ಇರುತ್ತದೆ. ಹಿಂದೆ ಇದನ್ನು ಸಂಶಯದ ವ್ಯಕ್ತಿತ್ವ, ಸಮಾಜವಿರೋಧಿ ವ್ಯಕ್ತಿತ್ವ, ಪರಾವಲಂಬಿ ವ್ಯಕ್ತಿತ್ವ ಎಂದು ಡಬ್ಬಿಗಳಿಗೆ ತುಂಬುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಆ ಡಬ್ಬಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಈಗ ಮೊದಲು ಕೇಳುವುದು ತೊಂದರೆ ಎಷ್ಟು ತೀವ್ರ ಎಂದು. ಆಮೇಲೆ ಅದು ಯಾವ ಕಡೆಗೆ ವಾಲಿದೆ ಎಂದು: ಸದಾ ಕುದಿಯುವ ಭಾವನೆಗಳೇ, ಜನರಿಂದ ದೂರ ಸರಿಯುವುದೇ, ಇತರರ ನೋವಿನ ಪರಿವೆ ಇಲ್ಲದಿರುವುದೇ, ಹಿಂದುಮುಂದು ನೋಡದೆ ನುಗ್ಗುವುದೇ, ಅತಿಯಾದ ಕಟ್ಟುನಿಟ್ಟೇ. ನನಗೆ ಇದು ಒಳ್ಳೆಯ ಬದಲಾವಣೆಯಾಗಿ ಕಾಣುತ್ತದೆ. ಮುಂಗೋಪವೂ ಸಂಕೋಚವೂ ಎಲ್ಲರಲ್ಲೂ ಇಷ್ಟಿಷ್ಟು ಇರುತ್ತವೆ. ಅದು ಎಷ್ಟಾದಾಗ ಬದುಕನ್ನು ಮುರಿಯುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಗುಣ ಎಷ್ಟು ಬೇಗ ಕಾಣಿಸಿಕೊಳ್ಳುತ್ತದೆ? ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಮಕ್ಕಳಿಗೆ ಮೂರು ವರ್ಷವಾದಾಗ ಅವರ ವರ್ತನೆಯನ್ನು ನೋಡಿ ಬರೆದಿಟ್ಟುಕೊಂಡರು. ಕೆಲವರು ಹೊಸಬರನ್ನು ಕಂಡರೆ ಮುದುಡುವವರು, ಕೆಲವರು ಒಂದು ಕಡೆ ನಿಲ್ಲದೆ ಸಿಡುಕುವವರು, ಹೆಚ್ಚಿನವರು ಸಾಮಾನ್ಯ ಮಕ್ಕಳು. ಅವ್‌ಶಲೋಮ್ ಕ್ಯಾಸ್ಪಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, 21ನೇ ವಯಸ್ಸಿನಲ್ಲಿ ಮುದುಡುವ ಮಕ್ಕಳಲ್ಲಿ ಖಿನ್ನತೆ ಹೆಚ್ಚು ಕಂಡಿತು, ಸಿಡುಕುವ ಮಕ್ಕಳಲ್ಲಿ ಸಮಾಜವಿರೋಧಿ ವ್ಯಕ್ತಿತ್ವದ ತೊಂದರೆ ಹೆಚ್ಚು ಕಂಡಿತು. ಹಾಗೆಂದು ಮೂರು ವರ್ಷಕ್ಕೇ ಹಣೆಬರಹ ಬರೆದಾಯಿತು ಎಂದಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರು ಯಾವ ಕಾಯಿಲೆಯೂ ಇಲ್ಲದೆ ಬೆಳೆದರು. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗಲೂ ಖಿನ್ನತೆಯಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 37 ಮಾತ್ರ. ಉಳಿದದ್ದು ಬದುಕು ಕೊಡುವುದು.

ಮಕ್ಕಳ ಖಿನ್ನತೆಯನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ಅಳುಮೋರೆಯಾಗಿ ಬರುವುದು ಕಡಿಮೆ. ಎಂಟು ವರ್ಷದ ಹುಡುಗ “ನನಗೆ ಬೇಜಾರು” ಎನ್ನುವುದಿಲ್ಲ. “ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ” ಎನ್ನುತ್ತಾನೆ. ತಮ್ಮನನ್ನು ಹೊಡೆಯುತ್ತಾನೆ, ತಟ್ಟೆ ಎಸೆಯುತ್ತಾನೆ. ಅದಕ್ಕೇ ಮಕ್ಕಳಲ್ಲಿ ಕುಗ್ಗಿದ ಮನಸ್ಸಿನ ಬದಲು ಸಿಡುಕನ್ನೇ ಲಕ್ಷಣವಾಗಿ ಎಣಿಸಬಹುದು ಎಂದು ವೈದ್ಯಶಾಸ್ತ್ರ ಒಪ್ಪಿದೆ. ಮನೆಯವರು ಹಠ ಎನ್ನುತ್ತಾರೆ, ಮೇಷ್ಟ್ರು ತಂಟೆಕೋರ ಎನ್ನುತ್ತಾರೆ. ಹೋದ ವರ್ಷ ಹೇಗಿದ್ದ ಎಂದು ಯಾರಾದರೂ ಕೇಳಿದರೆ ಮಾತ್ರ ವಿಷಯ ತೆರೆದುಕೊಳ್ಳುತ್ತದೆ.

ಹದಿಹರೆಯದ ಗೊಂದಲ ಇದಕ್ಕಿಂತ ದೊಡ್ಡದು, ಏಕೆಂದರೆ ಆ ವಯಸ್ಸಿನಲ್ಲಿ ಬದಲಾಗುವುದೇ ಸಹಜ. ರೇಷ್ಮೆ ಸಾಕುವ ಮನೆಯವರಿಗೆ ಹುಳುವಿನ ಜ್ವರ ಹೊಸದಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ನಿಂತುಬಿಡುತ್ತದೆ. ನಾಲ್ಕು ಸಲ ಹೀಗಾಗುತ್ತದೆ, ಯಾರೂ ಗಾಬರಿಯಾಗುವುದಿಲ್ಲ. ಆದರೆ ಮಿಕ್ಕ ಹುಳುಗಳೆಲ್ಲ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ ಮೇಲೂ ಒಂದಷ್ಟು ಹಾಗೇ ಉಳಿದರೆ ಸಾಕುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಹದಿನೈದರ ಹುಡುಗಿ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಅಪ್ಪನಿಗೆ ಎದುರುತ್ತರ ಕೊಡುವುದು ಜ್ವರವಿದ್ದಂತೆ. ಓರಗೆಯವರು ಆಟಕ್ಕೆ, ಹಬ್ಬಕ್ಕೆ, ಗೆಳತಿಯರ ಮಾತಿಗೆ ಮರಳಿದ ಮೇಲೂ ಅವಳೊಬ್ಬಳು ಮರಳದಿದ್ದರೆ, ಅಂಕ ಕುಸಿದು, ಊಟ ಬಿಟ್ಟು, ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಅದು ವಯಸ್ಸಿನ ಆಟವಲ್ಲ. ಹುಡುಗಿಯರಲ್ಲಿ ಖಿನ್ನತೆ ಹುಡುಗರಿಗಿಂತ ಸುಮಾರು ಎರಡು ಪಟ್ಟಾಗುವುದು ಮೈನೆರೆದ ನಂತರವೇ. 2015–16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ವಾರ ನಮ್ಮ ರಾಜ್ಯದ ತಾಯಂದಿರು ಉಸಿರು ಬಿಗಿಹಿಡಿಯುತ್ತಾರೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ಬಂತು. ಶಿಕ್ಷಣದ ಲೆಕ್ಕದಲ್ಲಿ ಅದರ ಒಳಿತು ಕೆಡುಕು ಏನೇ ಇರಲಿ, ಒಂದು ದಿನದ ಫಲಿತಾಂಶವೇ ಬದುಕಿನ ಕೊನೆ ಎಂದುಕೊಳ್ಳುವ ಹದಿನಾರರ ಮನಸ್ಸಿಗೆ ಇನ್ನೊಂದು ಬಾಗಿಲು ಕಂಡರೆ ಅದು ದೊಡ್ಡದು. ಮುಂದಾಲೋಚನೆಯನ್ನೂ ಆವೇಶದ ಹಿಡಿತವನ್ನೂ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಮಾಗುವುದು ಇಪ್ಪತ್ತರ ನಡುವಿನಲ್ಲಿ. ಆ ಕಾರಣಕ್ಕೇ ಹದಿನೆಂಟು ತುಂಬುವ ಮೊದಲು ವ್ಯಕ್ತಿತ್ವದ ದೋಷ ಎಂಬ ಹಣೆಪಟ್ಟಿ ಹಚ್ಚಲು ವೈದ್ಯರು ಹಿಂಜರಿಯುತ್ತಾರೆ. ಸಮಾಜವಿರೋಧಿ ವ್ಯಕ್ತಿತ್ವ ಎಂದಂತೂ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಹದಿನೆಂಟರೊಳಗೆ ಹೇಳುವಂತೆಯೇ ಇಲ್ಲ.

ಹಚ್ಚಿದ ಮೇಲಾದರೂ ಅದು ಬದುಕಿಡೀ ಉಳಿಯುತ್ತದೆಯೇ? ಉಳಿಯುತ್ತದೆ ಎಂದೇ ಬಹಳ ಕಾಲ ವೈದ್ಯರೂ ನಂಬಿದ್ದರು. ಭಾವನೆ ಕ್ಷಣಕ್ಕೊಂದು ಬಗೆಯಾಗುವ, ಬಿಟ್ಟುಹೋಗುತ್ತಾರೆಂಬ ಭಯದಲ್ಲಿ ಪ್ರೀತಿಸಿದವರನ್ನೇ ದೂಡುವ, ಮತ್ತೆ ಮತ್ತೆ ತನ್ನನ್ನು ಗಾಯಗೊಳಿಸಿಕೊಳ್ಳುವ ಬಾರ್ಡರ್‌ಲೈನ್ ತೊಂದರೆಯ ಬಗ್ಗೆ ಆ ನಿರಾಶೆ ಹೆಚ್ಚಾಗಿತ್ತು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜಾನರಿನಿ ಇಂಥ 290 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸಿದರು. ಹತ್ತು ವರ್ಷದ ಹೊತ್ತಿಗೆ ಶೇ 93 ಮಂದಿ ಕನಿಷ್ಠ ಎರಡು ವರ್ಷ ರೋಗಲಕ್ಷಣದಿಂದ ಬಿಡುಗಡೆ ಕಂಡಿದ್ದರು. ಲಕ್ಷಣ ಹೋದವರೆಲ್ಲ ಒಳ್ಳೆಯ ಕೆಲಸ, ಒಳ್ಳೆಯ ಸಂಬಂಧ ಕಟ್ಟಿಕೊಂಡರು ಎಂದಲ್ಲ. ಅಷ್ಟನ್ನೂ ಸಾಧಿಸಿದವರು ಅರ್ಧದಷ್ಟು. ಈ ತೊಂದರೆಗೆ ಹೆಸರಾದ ಡಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ರೂಪಿಸಿದ ಮಾರ್ಷಾ ಲೈನ್‌ಹ್ಯಾನ್, ಯೌವನದಲ್ಲಿ ತಾನೇ ಆಸ್ಪತ್ರೆಯ ಕೋಣೆಯಲ್ಲಿ ಬಂದಿಯಾಗಿದ್ದ ರೋಗಿ ಎಂದು 2011ರಲ್ಲಿ ಬಹಿರಂಗವಾಗಿ ಹೇಳಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ನಮ್ಮ ಗಾದೆಗೆ ವಿಜ್ಞಾನ ಈಗ ತಿದ್ದುಪಡಿ ಹಾಕುತ್ತಿದೆ. ಗುಣವೂ ಮಾಗುತ್ತದೆ, ಆದರೆ ನಿಧಾನ.

ಹೆರಿಗೆಯ ನಂತರದ ಖಿನ್ನತೆಗೆ ನಮ್ಮಲ್ಲಿ ಮರೆ ಸಿಗುವುದು ಸುಲಭ. ಬಾಣಂತಿ ಅತ್ತರೆ ಸುಸ್ತು, ಮಗುವನ್ನು ಎತ್ತಿಕೊಳ್ಳದಿದ್ದರೆ ಸೋಮಾರಿತನ, ಅದೂ ಎರಡನೆಯ ಹೆಣ್ಣುಮಗುವಾಗಿದ್ದರೆ ಆಡುವವರ ಬಾಯಿಗೆ ಕೊನೆಯಿಲ್ಲ. ಬಾಣಂತಿ ಸನ್ನಿ ಎಂದು ಹಿರಿಯರು ಹೆದರುತ್ತಿದ್ದದ್ದು ಬೇರೆ: ಮಾತು ತಪ್ಪುವ, ಇಲ್ಲದ್ದು ಕಾಣುವ, ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಆ ಸ್ಥಿತಿಗೆ ಅದೇ ದಿನ ಆಸ್ಪತ್ರೆ ಬೇಕು. ಸದ್ದಿಲ್ಲದ ಖಿನ್ನತೆ ಅದಕ್ಕಿಂತ ಎಷ್ಟೋ ಸಾಮಾನ್ಯ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಅದನ್ನು ಐದು ನಿಮಿಷದಲ್ಲಿ ಪತ್ತೆ ಮಾಡಬಹುದು. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಇನ್ನು ನಲವತ್ತು ದಾಟಿದ ಗಂಡಸರು. ನನ್ನ ಎಣಿಕೆಯಲ್ಲಿ ಈ ಸೀಮೆಯಲ್ಲಿ ಯಾರೂ ಕೇಳದೆ ಬಿಟ್ಟಿರುವವರು ಇವರೇ. ಗಂಡಸಿನ ಖಿನ್ನತೆ ಕಣ್ಣೀರಾಗಿ ಬರುವುದಕ್ಕಿಂತ ಸಿಟ್ಟಾಗಿ, ಮೈಕೈ ನೋವಾಗಿ, ಕುಡಿತವಾಗಿ ಬರುವುದೇ ಹೆಚ್ಚು. ಕುಡಿತದಿಂದ ಖಿನ್ನತೆಯೋ ಖಿನ್ನತೆಯಿಂದ ಕುಡಿತವೋ ಎಂದು ಬಿಡಿಸಲು ಮತ್ತೆ ಅದೇ ಪ್ರಶ್ನೆ ಬೇಕು, ಯಾವಾಗಿನಿಂದ. ಇಪ್ಪತ್ತರಿಂದ ಕುಡಿದು ಜಗಳ ಕಾಯುತ್ತಿದ್ದವನೂ, ನಲವತ್ತೈದರವರೆಗೆ ಹಬ್ಬಕ್ಕೊಮ್ಮೆ ಕುಡಿಯುತ್ತಿದ್ದು ಈಗ ದಿನಾ ಅಂಗಡಿಗೆ ಹೋಗುವವನೂ ಒಂದೇ ಅಲ್ಲ. ಊರು ಇಬ್ಬರನ್ನೂ ಕುಡುಕ ಎಂದೇ ಕರೆಯುತ್ತದೆ.

ಕಾಡಂಚಿನ ಊರುಗಳಿಗೆ ಇನ್ನೊಂದು ಭಾರವಿದೆ. ರಾಗಿ ತೆನೆಕಟ್ಟುವ ಹೊತ್ತಿಗೆ ಆನೆ ಇಳಿಯುತ್ತದೆ. ಹೊಲದ ಅಟ್ಟಣೆಯ ಮೇಲೆ ಬೆಳೆ ಕಾಯುವವರಿಗೆ ವಾರಗಟ್ಟಲೆ ನಿದ್ದೆ ಇಲ್ಲ. ಹುಳು ಕೊನೆಯ ಹಂತದಲ್ಲಿದ್ದರೆ ಮನೆಯಲ್ಲೂ ರಾತ್ರಿ ಸೊಪ್ಪು ಹಾಕುವ ಕೆಲಸ. ಆನೆ ತುಳಿದ ಬೆಳೆಗೆ ಪರಿಹಾರದ ಅರ್ಜಿ ಇದೆ, ಹೋದ ನಿದ್ದೆಯನ್ನು ಲೆಕ್ಕ ಹಿಡಿಯುವ ಅರ್ಜಿ ಇಲ್ಲ. ಮಾನ್ ಬರುವಾ ಮತ್ತು ಮನೋವೈದ್ಯ ಸುಶ್ರುತ್ ಜಾಧವ್ 2012ರಲ್ಲಿ ಅಸ್ಸಾಮಿನ ಹಳ್ಳಿಗಳ ಬಗ್ಗೆ ಬರೆದ ಅಧ್ಯಯನದಲ್ಲಿ ಆನೆ ಹಾವಳಿ, ಬಡತನ, ಕುಡಿತ, ಮಾನಸಿಕ ಕಾಯಿಲೆ ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ತೋರಿಸಿದ್ದಾರೆ. ನಿದ್ದೆಗೇಡು ಖಿನ್ನತೆಯ ಲಕ್ಷಣ ಮಾತ್ರವಲ್ಲ, ಅದಕ್ಕೆ ಕಾರಣವೂ ಹೌದು. ಆನೆ ಕಾಯುವ ಕಾಲ ಮುಗಿದ ಮೇಲೂ ನಿದ್ದೆ ಮರಳದಿದ್ದರೆ ಮನೆಯವರು ಅದನ್ನು ಗಮನಿಸಬೇಕು.

ಸಾಯುವ ಮಾತು ಆಡುವವರು ಸಾಯುವುದಿಲ್ಲ ಎಂಬ ನಂಬಿಕೆ ಅಪಾಯದ್ದು. ಆಡಿದ ಮಾತನ್ನು ಎಚ್ಚರಿಕೆ ಎಂದೇ ತೆಗೆದುಕೊಳ್ಳಬೇಕು, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆ ಯೋಚನೆ ಎಷ್ಟೋ ಮಂದಿಯಲ್ಲಿ ಏರಿ ಕೆಲವೇ ಗಂಟೆಗಳಲ್ಲಿ ಇಳಿಯುವಂಥದು. ಆ ಗಂಟೆಗಳಲ್ಲಿ ಕೀಟನಾಶಕ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಿತು. 1995ರಿಂದ 2015ರ ನಡುವೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ನಮ್ಮ ಪಕ್ಕದ ಚನ್ನಪಟ್ಟಣ ತಾಲ್ಲೂಕಿನಲ್ಲೇ ನಿಮ್ಹಾನ್ಸ್ ‘ಸುರಕ್ಷಾ’ ಎಂಬ ಆತ್ಮಹತ್ಯೆ ತಡೆ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಕಷ್ಟದಲ್ಲಿರುವವರನ್ನು ಊರಿನ ಜನರೇ ಮೊದಲು ಗುರುತಿಸುವಂತೆ ತರಬೇತಿ ಕೊಡುವುದು ಅದರ ಮುಖ್ಯ ಭಾಗ. ಯತ್ನಿಸಿ ಬದುಕುಳಿದವರಿಗೆ ಪೊಲೀಸ್ ಕೇಸಿನ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ಪರಿಗಣಿಸುತ್ತದೆ.

ಮುಪ್ಪಿನಲ್ಲಿ ಮರೆ ಇನ್ನೂ ದಪ್ಪ. ಮಕ್ಕಳು ಬೆಂಗಳೂರಿನಲ್ಲಿ, ಅಜ್ಜಿ ಒಬ್ಬರೇ ಊರಿನಲ್ಲಿ. ಊಟ ಸೇರದು, ಮಂಡಿ ನೋವು, ಎದೆ ಭಾರ, ಮರೆವು. ಅರುಳು ಮರುಳು, ವಯಸ್ಸಾಯ್ತಲ್ಲ ಎಂದು ಸುಮ್ಮನಾಗುತ್ತೇವೆ. ವಯಸ್ಸಾದವರ ಬಗ್ಗೆ ನಡೆದ 2017–18ರ ಲಾಸಿ ಸಮೀಕ್ಷೆಯಲ್ಲಿ 60 ದಾಟಿದ ಭಾರತೀಯರಲ್ಲಿ ಲಕ್ಷಣಗಳ ಆಧಾರದ ಮೇಲೆ ಖಿನ್ನತೆ ಕಂಡದ್ದು ಶೇ 8.3 ಮಂದಿಯಲ್ಲಿ. ತಮಗೆ ಖಿನ್ನತೆ ಇದೆ ಎಂದು ವೈದ್ಯರಿಂದ ತಿಳಿದಿದ್ದವರು ಶೇ 0.8, ಅಂದರೆ ಹತ್ತರಲ್ಲೊಂದು ಪಾಲು. ಖಿನ್ನತೆಯಿಂದ ಬಂದ ಮರೆವು ಮರೆಗುಳಿ ರೋಗದಂತೆಯೇ ಕಾಣಬಹುದು. ಚಿಕಿತ್ಸೆ ಕೊಟ್ಟರೆ ಅದು ಬಹಳ ಮಟ್ಟಿಗೆ ಸರಿಹೋಗುತ್ತದೆ. ಥೈರಾಯ್ಡ್ ಕೊರತೆ, ಬಿ12 ಕೊರತೆ ಕೂಡ ಇದೇ ವೇಷದಲ್ಲಿ ಬರುವುದರಿಂದ ರಕ್ತಪರೀಕ್ಷೆ ಬಿಡುವಂತಿಲ್ಲ.

ಇದರ ತಿರುವುಮುರುವೂ ಇದೆ. ಜೀವನವಿಡೀ ಸಂಭಾವಿತರಾಗಿದ್ದವರು ಅರವತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ನಾಚಿಕೆ ಬಿಟ್ಟು ಮಾತಾಡತೊಡಗಿದರೆ, ಹೆಂಡತಿ ಅತ್ತರೂ ಕಲ್ಲಿನಂತೆ ಕೂತರೆ, ದುಡ್ಡು ಚೆಲ್ಲಾಡಿದರೆ ಊರು “ಕೊನೆಗಾಲದಲ್ಲಿ ನಿಜವಾದ ಗುಣ ಹೊರಗೆ ಬಂತು” ಎನ್ನುತ್ತದೆ. ಬಹಳ ಕ್ರೂರವಾದ ತಪ್ಪು ತೀರ್ಪು ಅದು. ಆ ವಯಸ್ಸಿನಲ್ಲಿ ಹೊಸದಾಗಿ ಮೂಡಿದ ಗುಣ ಗುಣವಲ್ಲ. ಮಿದುಳಿನ ಮುಂಭಾಗ ಸವೆಯುವ ಒಂದು ಬಗೆಯ ಮರೆಗುಳಿ ರೋಗ ಹೀಗೆಯೇ ಶುರುವಾಗುತ್ತದೆ, ಅದೂ ಎಷ್ಟೋ ಸಲ ನೆನಪು ಇನ್ನೂ ಚೆನ್ನಾಗಿರುವಾಗಲೇ.

ವ್ಯಕ್ತಿತ್ವದ ತೊಂದರೆಯೂ ಖಿನ್ನತೆಯೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಎರಡೂ ಇದ್ದಾಗ ಖಿನ್ನತೆ ಬೇಗ ಗುಣವಾಗದ ಸಾಧ್ಯತೆ ಸುಮಾರು ಎರಡು ಪಟ್ಟು. ಅದಕ್ಕೇ ಮದ್ದು ತಿಂದರೂ ಸರಿಹೋಗಲಿಲ್ಲ ಎಂದು ಬಿಡುವವರ ಜೊತೆ ಮಾತಿನ ಚಿಕಿತ್ಸೆ ಹೆಚ್ಚು ಕಾಲ ನಡೆಯಬೇಕು. ಖಿನ್ನತೆಯ ಆಳದಲ್ಲಿರುವವರು ಪರಾವಲಂಬಿಗಳಾಗಿ, ಸಿಡುಕರಾಗಿ ಕಾಣುವುದೂ ಉಂಟು. ಆಗಲೇ ವ್ಯಕ್ತಿತ್ವವನ್ನು ಅಳೆಯಬಾರದು. ಮೋಡ ಸರಿದ ಮೇಲೆ ನೋಡಬೇಕು.

ಹಳ್ಳಿಯವರನ್ನೇ ಕೇಳಿ ಮನಸ್ಸಿನ ಕಾಯಿಲೆ ಗುರುತಿಸುವ ಕೆಲಸಕ್ಕೆ ನಮ್ಮ ನಾಡಿನಲ್ಲಿ ಹಳೆಯ ಪರಂಪರೆಯೇ ಇದೆ. ಶಿವರಾಮ ಕಾರಂತರ ಊರು ಕೋಟದಲ್ಲಿ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮನೆಮನೆಗೆ ಹೋಗಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ವೈದ್ಯ, ಮಂತ್ರವಾದಿ, ದೈವದ ಪಾತ್ರಿ ಈ ಮೂವರ ಬಳಿಗೂ ಜನ ಹೋಗುವುದನ್ನು ಅವರು ಗೌರವದಿಂದಲೇ ದಾಖಲಿಸಿದರು. ಅದೇ ವರ್ಷ ನಿಮ್ಹಾನ್ಸ್ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಆರೋಗ್ಯ ಸಹಾಯಕಿಯರೂ ಇದನ್ನು ಕಲಿಯಬಲ್ಲರು ಎಂದು ಅಲ್ಲಿ ತೋರಿಸಿದ್ದೇ ಮುಂದೆ ಬಳ್ಳಾರಿ ಜಿಲ್ಲೆಯ ಪ್ರಯೋಗಕ್ಕೂ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ ದಾರಿಯಾಯಿತು. ಆ ತಂಡದಲ್ಲಿದ್ದ ಚನ್ನಪಟ್ಟಣ ಮೂಲದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದು ಮನಸ್ಸಿನ ಕಾಯಿಲೆಯ ವಿಷಯವನ್ನು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವರೆಗೆ ತಂದರು.

ಇಷ್ಟಾದರೂ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಮನೋವೈದ್ಯರ ಕೊರತೆಯೊಂದೇ ಕಾರಣವಲ್ಲ. ಗೋವಾದಲ್ಲಿ ವಿಕ್ರಮ್ ಪಟೇಲ್ ತಂಡ ವೈದ್ಯಕೀಯ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು, ಆರೆಂಟು ಭೇಟಿಗಳಲ್ಲಿ ರೋಗಿಯನ್ನು ಮತ್ತೆ ಸಣ್ಣಸಣ್ಣ ಚಟುವಟಿಕೆಗೆ ಮರಳಿಸುವ ವಿಧಾನವನ್ನು ಪರೀಕ್ಷಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ತಿಂಗಳಿಗೆ ಈ ನೆರವು ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಪಡೆಯದವರಲ್ಲಿ ಶೇ 39. ಮನೆಮನೆಗೆ ಹೋಗುವ ನಮ್ಮ ಆಶಾ ಕಾರ್ಯಕರ್ತೆ “ಯಾಕಕ್ಕಾ, ಯಜಮಾನ್ರು ಮೊದ್ಲಿಂದ್ಲೂ ಹಿಂಗೇಯಾ, ಈಗೀಗ ಹಿಂಗಾದ್ರಾ?” ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಂಡರೆ ಅರ್ಧ ರೋಗನಿರ್ಣಯ ಅಲ್ಲೇ ಆಗಿರುತ್ತದೆ.

ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ಅಷ್ಟು ದೂರ ಹೋಗಲಾಗದವರಿಗೆ, ಅಥವಾ ಮಂಗಳವಾರದವರೆಗೆ ಕಾಯಲಾಗದವರಿಗೆ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಹಳೆಯ ಚೀಟಿ, ಮಾತ್ರೆಗಳ ಜೊತೆಗೆ ಇನ್ನೊಂದನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಲಿ: ಮೊದಲು ಹೇಗಿದ್ದರು, ಬದಲಾವಣೆ ಕಂಡದ್ದು ಯಾವ ತಿಂಗಳು, ಆ ತಿಂಗಳು ಮನೆಯಲ್ಲಿ ಏನು ನಡೆದಿತ್ತು.